ಚಿಪ್ಪಿನ ಕೆಲಸಕ್ಕೆ ಮೊದಲು ಗಾಳಿಯ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಚಿಪ್ಪಿಗೆ ಬರವಿಲ್ಲ. ಹವ್ಯಾಸಕ್ಕೆಂದು ಅದರಲ್ಲಿ ಬಟ್ಟಲು, ಸೌಟು ಮಾಡಲು ಹಳೆಯ ಕಚೇರಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿಯುವವರು ಗ್ರೈಂಡರ್ ಕೊಳ್ಳುವ ಮೊದಲು ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು. ಕಚೇರಿ ಕಟ್ಟುವುದು ಕೂತು ಲೆಕ್ಕ ಬರೆಯುವವರಿಗಾಗಿ: ಒಂದೇ ಬಾಗಿಲು, ರಸ್ತೆ ಕಡೆ ಗಾಜು, ತಲೆಯ ಮೇಲೆ ಫ್ಯಾನು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಡುವ ಸೀಮೆಗೆ ಗಾಳಿಯಾಡುವುದರ ಬೆಲೆ ಹೇಳಿಕೊಡಬೇಕಿಲ್ಲ; ಅಟ್ಟಕ್ಕೆ ಸಂದು ಬಿಟ್ಟು ಪಟ್ಟಿ ಹೊಡೆಯುವುದು ಅದಕ್ಕಾಗಿಯೇ.

ಮೊದಲು ಅಳತೆ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ 1,200 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ 10 ಸಲ ಬದಲಾಗಬೇಕೆಂದರೆ ನಿಮಿಷಕ್ಕೆ 200 ಘನ ಅಡಿ ಹೊರಹೋಗಬೇಕು; ಎಕ್ಸಾಸ್ಟ್ ಫ್ಯಾನ್ ಕೊಳ್ಳುವಾಗ ರೆಕ್ಕೆಯ ಇಂಚು ಮಾತ್ರ ನೋಡದೆ ಡಬ್ಬಿಯ ಮೇಲಿನ ಈ ಅಂಕಿಯನ್ನೂ ಓದಿ, ಅಗತ್ಯಕ್ಕಿಂತ ತುಸು ದೊಡ್ಡದನ್ನೇ ಆರಿಸಿ. ಫ್ಯಾನು ಒಂದು ಗೋಡೆಯಲ್ಲಿದ್ದರೆ ಗಾಳಿ ಒಳಬರುವ ಕಿಂಡಿ ಎದುರು ಗೋಡೆಯಲ್ಲಿರಲಿ. ಎರಡೂ ಒಂದೇ ಮೂಲೆಯಲ್ಲಿದ್ದರೆ ಬಂದ ಗಾಳಿ ಹಾಗೇ ಹೊರಟುಹೋಗುತ್ತದೆ, ದೂಳು ಮಾತ್ರ ಕೋಣೆಯಲ್ಲೇ ಉಳಿಯುತ್ತದೆ. ಉಜ್ಜುವ ಮೇಜು ಫ್ಯಾನಿನ ಹತ್ತಿರವಿರಲಿ, ಕೂರುವವರ ಬೆನ್ನು ಕಿಂಡಿಯ ಕಡೆಗಿರಲಿ. ಆಗ ದೂಳು ಮುಖ ದಾಟದೆ ಹೊರಗೆ ಹೋಗುತ್ತದೆ. ಕಿಂಡಿಯ ಬಳಿ ಊದುಬತ್ತಿ ಹಚ್ಚಿ ಹಿಡಿದರೆ ಹೊಗೆಯೇ ದಾರಿ ತೋರಿಸುತ್ತದೆ. ಥಿನ್ನರ್ ಡಬ್ಬಿ ತೆರೆದಿದ್ದಾಗ ಮಾತ್ರ ಈ ಪರೀಕ್ಷೆ ಬೇಡ.

ಎಸಿ ಇದೆಯಲ್ಲ ಎನ್ನುವವರಿದ್ದಾರೆ. ಗೋಡೆಗೆ ಹಾಕುವ ಸಾಮಾನ್ಯ ಎಸಿ ಒಳಗಿನ ಗಾಳಿಯನ್ನೇ ತಣಿಸಿ ಮತ್ತೆ ಬಿಡುತ್ತದೆ. ದೂಳನ್ನು ಹೊರಗೆ ಹಾಕುವುದಿಲ್ಲ. ಸೀಲಿಂಗ್ ಫ್ಯಾನು ಇನ್ನೂ ಕೆಟ್ಟದ್ದು, ಕೂತ ದೂಳನ್ನೂ ಎಬ್ಬಿಸುತ್ತದೆ. ಮಾಸ್ಕ್ ಸಾಲದೇ ಎಂಬ ಪ್ರಶ್ನೆಯಲ್ಲಿ ತೂಕವಿದೆ. ಮುಖಕ್ಕೆ ಸರಿಯಾಗಿ ಕೂತ ಎನ್95 ಚಿಪ್ಪಿನ ಸಣ್ಣ ದೂಳನ್ನು ತಡೆಯುತ್ತದೆ, ಹಾಕಿಕೊಳ್ಳಲೇಬೇಕು. ಆದರೆ ವಾರ್ನಿಷ್, ಥಿನ್ನರ್‌ಗಳ ಆವಿ ಅದರೊಳಗಿಂದ ಸಲೀಸಾಗಿ ನುಸುಳುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಫ್ಯಾನಿನ ಮೋಟಾರು, ಸ್ವಿಚ್ಚುಗಳೂ ಕಿಡಿ ಕೊಡಬಲ್ಲವಾದ್ದರಿಂದ ಬಣ್ಣದ ಕೆಲಸ ಆ ಕೋಣೆಯಲ್ಲಿ ಬೇಡವೇ ಬೇಡ. ತಾರಸಿಯ ಮೇಲೋ ಬಯಲಲ್ಲೋ ಮಾಡುವುದು ಮೇಲು. ಪಕ್ಕದ ಅಂಗಡಿಯವರು ದೂಳು ಬರುತ್ತದೆಂದು ಜಗಳಕ್ಕೆ ಬಂದರೆ ಅದು ನ್ಯಾಯವೇ. ನೀರು ತಾಗಿಸಿದ ಸ್ಯಾಂಡ್‌ಪೇಪರಿನಲ್ಲಿ ಕೈಯಿಂದ ಉಜ್ಜಿದರೆ ದೂಳು ಏಳುವುದೇ ಕಡಿಮೆ. ಕರೆಂಟು ಹೋದಾಗ ಬ್ಯಾಟರಿ ಗ್ರೈಂಡರ್ ಇದೆಯೆಂದು ಮುಂದುವರಿಸಬೇಡಿ, ಫ್ಯಾನು ತಿರುಗುವವರೆಗೆ ಕಾಯಿರಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ರೆಕ್ಕೆಗಳನ್ನೂ ಸೇರಿಸಿ.