ಉದ್ಯೋಗ, ಹವ್ಯಾಸ ಮತ್ತು ವೇಳೆಯ ಉಳಿತಾಯ

“ನಿವೃತ್ತಿಯಾಗಲಿ, ಆಮೇಲೆ ನೋಡೋಣ” ಎಂದು ಹವ್ಯಾಸವನ್ನು ಮುಂದೂಡುವುದು ಉದ್ಯೋಗಸ್ಥರ ವಾಡಿಕೆ. ಆದರೆ ಆ ವೇಳೆಗೆ ಕಣ್ಣು, ಕೈ, ಕಂಠಗಳು ಮೊದಲಿನಂತೆ ಉಳಿದಿರುತ್ತವೆಯೇ?

ಪುಣೆಯ ದಿನಕರ ಕೇಳ್ಕರರು (1896–1990) ಹಾಗೆ ಕಾಯಲಿಲ್ಲ. ಕನ್ನಡಕದ ವ್ಯಾಪಾರ ಅವರ ಜೀವನೋಪಾಯ. ಹಳೆಯ ದೀಪ, ಅಡಕತ್ತರಿ, ವಾದ್ಯ, ಕೆತ್ತನೆಯ ಬಾಗಿಲುಗಳ ಸಂಗ್ರಹ ಅವರ ಹವ್ಯಾಸ. 1920ರ ಸುಮಾರಿಗೆ ಆರಂಭವಾದ ಈ ಸಂಗ್ರಹಕ್ಕೆ, ಬಾಲ್ಯದಲ್ಲೇ ಅಗಲಿದ ಮಗ ರಾಜಾನ ಹೆಸರನ್ನಿಟ್ಟರು. 1975ರಲ್ಲಿ ಅದನ್ನು ಮಹಾರಾಷ್ಟ್ರ ಸರಕಾರಕ್ಕೆ ದಾನವಾಗಿ ಒಪ್ಪಿಸಿದರು. ಒಂದೊಂದಾಗಿ ಕೂಡಿದ ಸಹಸ್ರಾರು ವಸ್ತುಗಳನ್ನು ಇಂದು ಶುಕ್ರವಾರ ಪೇಠೆಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ವೇಳೆಯ ಲೆಕ್ಕವನ್ನೊಮ್ಮೆ ಬರೆದು ನೋಡಬೇಕು. ವಾರಕ್ಕೆ 168 ಗಂಟೆ. ನಿದ್ರೆಗೆ 56, ಕಚೇರಿಗೆ 48, ಪ್ರಯಾಣಕ್ಕೆ 12, ಸ್ನಾನ, ಊಟ, ಮನೆಗೆಲಸಗಳಿಗೆ 35 ಎಂದು ಹಿಡಿದರೂ 17 ಗಂಟೆ ಶಿಲ್ಕು ಉಳಿಯುತ್ತದೆ. ಅದು ಚಿಲ್ಲರೆಯಾಗಿ ಸೋರಿಹೋಗುವುದೇ ತೊಂದರೆಯ ಮೂಲ.

ಆವರ್ತಕ ಠೇವಣಿಯ ಕಂತನ್ನು ಸಂಬಳದ ದಿನವೇ ಕಟ್ಟುವಂತೆ, ಹವ್ಯಾಸದ ಅರ್ಧ ಗಂಟೆಯನ್ನೂ ಮೊದಲೇ ತೆಗೆದಿರಿಸಬೇಕು. ವಾದ್ಯವಾಗಲಿ ಕುಂಚವಾಗಲಿ ಅಟ್ಟದ ಮೇಲಿರದೆ ಕೈಗೆಟುಕುವಂತಿರಲಿ. ಆದರೆ ಈ ಕಂತನ್ನು ನಿದ್ರೆಯಿಂದ ಕಡವಾಗಿ ತರಬಾರದು. ನಿದ್ರೆಗೆಟ್ಟರೆ ರಕ್ತದೊತ್ತಡ, ಸಿಡುಕುಗಳ ರೂಪದಲ್ಲಿ ಬಡ್ಡಿ ತೆರಬೇಕಾಗುತ್ತದೆ.

ಇನ್ನೊಂದು ಮಾತು. ಗೃಹಿಣಿಯ ಲೆಕ್ಕದಲ್ಲಿ ಈ ಶಿಲ್ಕು ಅನೇಕ ಮನೆಗಳಲ್ಲಿ ಸೊನ್ನೆ. ಮದುವೆಗೆ ಮುನ್ನ ಹಾಡುತ್ತಿದ್ದ ಕಂಠ ಅಡಿಗೆಮನೆಯಲ್ಲಿ ಮೌನವಾಗಿರಬಹುದು. ಮನೆಗೆಲಸವನ್ನು ಹಂಚಿಕೊಂಡರೆ ಆಕೆಗೂ ಅರ್ಧ ಗಂಟೆ ದೊರೆಯುತ್ತದೆ. ಮನೆಯ ಆರೋಗ್ಯಕ್ಕೆ ಇದೂ ಒಂದು ಔಷಧ.