ಇಂಗ್ಲಿಷಿನ ಒಂದು ಗುಣವಾಚಕ

ಕಾದಂಬರಿಯೊಂದು ಮೆಚ್ಚಿಕೆಯಾಯಿತೆಂದರೆ ನಮ್ಮ ವಿದ್ಯಾರ್ಥಿ ಮಿತ್ರರು ಇಂಗ್ಲಿಷಿನಲ್ಲಿ ಬರೆಯುವ ಮಾತು ಒಂದೇ: ‘ಇಂಟರೆಸ್ಟಿಂಗ್’. ಊರಿಗೆ ಹೊರಟವನಿಗೆ ರೈಲಿನ ವೇಳಾಪಟ್ಟಿಯೂ ‘ಇಂಟರೆಸ್ಟಿಂಗ್’ ಆದೀತು. ಊಟದ ಗಂಟೆ ಬಾರಿಸಿದರೂ ಕೇಳಿಸದಂತೆ ಮಾಡುವ ಪುಸ್ತಕಕ್ಕೆ ಆ ಪದ ಸಾಲದು. ಅಂಥದಕ್ಕೆಂದೇ ‘ಎನ್‌ಗ್ರೋಸಿಂಗ್’ ಎಂಬ ಗುಣವಾಚಕವುಂಟು.

ಈ ಪದ ಬೆಳೆದದ್ದು ಗ್ರಂಥಾಲಯದಲ್ಲಲ್ಲ, ಪೇಟೆಯಲ್ಲಿ. ಫ್ರೆಂಚಿನಲ್ಲಿ ‘ಆನ್ ಗ್ರೋ’ ಎಂದರೆ ಸಗಟಾಗಿ ಎಂದರ್ಥ. ಪೇಟೆಗೆ ಬಂದ ದವಸವನ್ನೆಲ್ಲ ಒಬ್ಬನೇ ಕೊಂಡು, ಬೆಲೆಯೇರಿಸಿ ಮಾರುವ ಹಂಚಿಕೆಗೆ ‘ಎನ್‌ಗ್ರೋಸ್’ ಮಾಡುವುದೆನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಇದು ಅಪರಾಧವಾಗಿತ್ತು. ಆರನೆಯ ಎಡ್ವರ್ಡನ ಕಾಲದಲ್ಲಿ, 1552ರಲ್ಲಿ, ಅಂಥ ವರ್ತಕರ ಮೇಲೆ ಶಾಸನವೇ ಆಯಿತು. ಶಾಸನ 1772ರಲ್ಲಿ ರದ್ದಾದರೂ ಅಪರಾಧವೆಂಬ ಹೆಸರು ಪೂರ್ತಿ ಅಳಿದದ್ದು 1844ರಲ್ಲಿ. ದಿನಸಿ ಮಾರುವ ‘ಗ್ರೋಸರ್’ ಕೂಡ ಇದೇ ಮನೆತನದವನು. ಮೂಲದಲ್ಲಿ ಸಗಟು ವ್ಯಾಪಾರಿ. (ದಸ್ತಾವೇಜಿನ ಶುದ್ಧಪ್ರತಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುವುದಕ್ಕೂ ಇದೇ ಕ್ರಿಯಾಪದವುಂಟು, ಅದು ಇಲ್ಲಿ ಬೇಡ.)

ಈ ಚಿತ್ರ ಕಣ್ಣ ಮುಂದಿದ್ದರೆ ಅರ್ಥ ತಾನೇ ತಿಳಿಯಾಗುತ್ತದೆ. ನಮ್ಮ ಗಮನವೆಂಬ ಸರಕನ್ನೆಲ್ಲ ಒಂದೇ ಗಿರಾಕಿ ಕೊಂಡುಬಿಟ್ಟ ಮೇಲೆ ಬೇರೆಯವರಿಗೆ ಕೊಡಲು ಉಳಿಯುವುದೇನು?

ಕನ್ನಡಕ್ಕೆ ತರುವಾಗಲೇ ತೊಡಕು. ‘ತಲ್ಲೀನ’, ‘ಮಗ್ನ’ ಎಂಬುವು ಮನುಷ್ಯನಿಗೆ ಸಲ್ಲುವ ಮಾತುಗಳು. ಓದುಗ ತಲ್ಲೀನನಾಗುತ್ತಾನೆ, ಪುಸ್ತಕ ತಲ್ಲೀನವಾಗದು, ತಲ್ಲೀನಗೊಳಿಸುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ಭೇದ: ಪುಸ್ತಕ ‘ಎನ್‌ಗ್ರೋಸಿಂಗ್’, ಓದುಗ ‘ಎನ್‌ಗ್ರೋಸ್ಡ್’. ‘ಐ ವಾಸ್ ಎನ್‌ಗ್ರೋಸಿಂಗ್ ಇನ್ ದಿ ನಾವೆಲ್’ ಎಂದು ಬರೆದವನು ತಾನೇ ದವಸ ಕೊಳ್ಳಲು ಹೊರಟಂತಾಯಿತು! ‘ಎನ್‌ಗ್ರೋಸ್ಡ್ ಇನ್’ ಎಂಬುದೇ ಸರಿ.

‘ಮನಸೂರೆಗೊಳ್ಳುವ’ ಎಂದರಾಗದೆ ಎಂದು ಸಹಪಾಠಿಯೊಬ್ಬರು ಕೇಳಿದರು. ಅವರು ಸಗಟಾಗಿ ಕೊಂಡದ್ದನ್ನು ನಾವು ಸೂರೆಹೊಡೆದೆವು, ಚಿತ್ರವೇನೋ ಹತ್ತಿರದ್ದೇ. ಆದರೆ ನಮ್ಮ ಮಾತಿನಲ್ಲಿ ಚೆಲುವಿನ, ಸಂತೋಷದ ಧ್ವನಿಯಿದೆ. ಜೋಗದ ಜಲಪಾತ ಮನಸೂರೆಗೊಳ್ಳುತ್ತದೆ. ಕೊಲೆ ಮೊಕದ್ದಮೆಯ ವಿಚಾರಣೆಯನ್ನಾಗಲಿ, ಎಷ್ಟು ಹೆಣಗಿದರೂ ಬಿಡಿಸಲಾಗದ ರೇಖಾಗಣಿತದ ಸಮಸ್ಯೆಯನ್ನಾಗಲಿ ಹಾಗೆಂದರೆ ಕೇಳಿದವರು ನಕ್ಕಾರು. ‘ಎನ್‌ಗ್ರೋಸಿಂಗ್’ ಎಂದರೆ ಯಾರೂ ನಗರು. ಅದರಲ್ಲಿ ಸಂತೋಷವಿರಲೇಬೇಕೆಂಬ ಕರಾರಿಲ್ಲ. ಆದುದರಿಂದ ಅನುವಾದದ ಪತ್ರಿಕೆಯಲ್ಲಿ ನಾನಾದರೆ ಕಥೆಗೆ ‘ಮೈಮರೆಸುವ’ ಎಂದೂ, ವಿಚಾರಣೆಗೆ ‘ಗಮನವನ್ನೆಲ್ಲ ಹಿಡಿದಿಡುವ’ ಎಂದೂ ಬರೆದೇನು.