ಹೃದಯದ ರಕ್ತಪ್ರವಾಹವೂ ರೋಗಿಯ ಅಲುಗಾಟವೂ

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ವಿಶ್ರಾಂತಿಯಲ್ಲಿ ಅದರ ಸ್ನಾಯುವಿನ ಒಂದೊಂದು ಗ್ರಾಮಿಗೂ ನಿಮಿಷಕ್ಕೆ ಸುಮಾರು 1 ಮಿಲಿಲೀಟರು ರಕ್ತ ಹರಿಯುತ್ತದೆ. ಶ್ರಮದ ಕಾಲದಲ್ಲಿ ಆರೋಗ್ಯವಂತರಲ್ಲಿ ಇದು ಮೂರು ಪಟ್ಟಿಗೂ ಏರಬಲ್ಲುದು. ಈ ಏರಿಕೆಯ ಪಟ್ಟನ್ನು ನಾವು 'ಪ್ರವಾಹದ ಮೀಸಲು' ಎನ್ನೋಣ. ಅದು 2ಕ್ಕಿಂತ ಕಡಮೆಯಿದ್ದರೆ ವೈದ್ಯರು ರೋಗವನ್ನು ಶಂಕಿಸುತ್ತಾರೆ.

ಇದನ್ನು ಅಳೆಯಲು ರುಬಿಡಿಯಂ-82 ಎಂಬ ವಿಕಿರಣಶೀಲ ವಸ್ತುವನ್ನು ಅತ್ಯಲ್ಪವಾಗಿ ರೋಗಿಯ ಅಭಿಧಮನಿಗೆ ಕೊಡುತ್ತಾರೆ. ಅದರ ಅರ್ಧಾಯು ಸುಮಾರು 75 ಸೆಕೆಂಡು ಮಾತ್ರ. ಹೃದಯದ ಸ್ನಾಯು ಅದನ್ನು ಪೊಟ್ಯಾಸಿಯಮ್ಮಿನಂತೆಯೇ ಹೀರಿಕೊಳ್ಳುತ್ತದೆ. ಅದು ಸೂಸುವ ಪಾಸಿಟ್ರಾನುಗಳಿಂದ ಹುಟ್ಟುವ ಗ್ಯಾಮಾ ಕಿರಣಗಳನ್ನು ಹಿಡಿದು ಪೆಟ್ ಯಂತ್ರವು ಒಂದರ ಹಿಂದೊಂದು ಚಿತ್ರಗಳನ್ನು ರಚಿಸುತ್ತದೆ. ಮೊದಲ ಚಿತ್ರಗಳಲ್ಲಿ ಬೆಳಗುವುದು ರಕ್ತ, ಅನಂತರ ಸ್ನಾಯು. ಸ್ನಾಯು ಹಿಡಿದುದನ್ನು ಅಂಶವಾಗಿಯೂ ರಕ್ತ ತಂದುದನ್ನು ಛೇದವಾಗಿಯೂ ಇಟ್ಟು ಪ್ರವಾಹವನ್ನು ಗಣಿಸುತ್ತಾರೆಂದು ಸ್ಥೂಲವಾಗಿ ಹೇಳಬಹುದು. (ಪ್ರವಾಹ ಹೆಚ್ಚಿದಂತೆ ಸ್ನಾಯು ಹೀರುವ ಪಾಲು ತಗ್ಗುವುದರಿಂದ ನಿಜವಾದ ಗಣಿತ ಇನ್ನೂ ಜಟಿಲ.) ವಿಶ್ರಾಂತಿಯಲ್ಲೊಮ್ಮೆ, ರಕ್ತನಾಳಗಳನ್ನು ಹಿಗ್ಗಿಸುವ ಔಷಧವಿತ್ತು ಇನ್ನೊಮ್ಮೆ ಅಳೆದರೆ ಮೀಸಲು ತಿಳಿಯುತ್ತದೆ.

ತೊಡಕಿರುವುದು ಛೇದದಲ್ಲಿ. ರಕ್ತವನ್ನು ಅಳೆಯಲು ಎಡ ಹೃತ್ಕುಕ್ಷಿಯೊಳಗೆ ಒಂದು ಸಣ್ಣ ಸ್ಥಳವನ್ನು ಗುರುತಿಸಿರುತ್ತಾರೆ. ಹೃದಯ ಒಂದೆರಡು ಸೆಂಟಿಮೀಟರು ಸರಿದರೂ ಆ ಸ್ಥಳದ ಒಂದು ಭಾಗವನ್ನು ಕುಕ್ಷಿಯ ಗೋಡೆ ಆಕ್ರಮಿಸಬಹುದು. ಮೊದಲ ಕ್ಷಣಗಳಲ್ಲಿ ಗೋಡೆ ಇನ್ನೂ ಮಂಕಾಗಿರುವುದರಿಂದ ರಕ್ತದ ಎಣಿಕೆ ಕುಗ್ಗುತ್ತದೆ. ಛೇದ ಕಿರಿದಾದರೆ ಭಾಗಲಬ್ಧ ಹಿರಿದಾಗುವುದೆಂದು ನಾವು ಶಾಲೆಯಲ್ಲೇ ಕಲಿತಿದ್ದೇವಷ್ಟೆ. ರಕ್ತದ ಅಳತೆ ನೂರಕ್ಕೆ 20ರಷ್ಟು ಕುಗ್ಗಿತೆನ್ನಿ, ಪ್ರವಾಹವು 1.25 ಪಟ್ಟು ಹೆಚ್ಚಾಗಿ ತೋರುತ್ತದೆ. ಔಷಧವಿತ್ತಾಗಿನ ಅಳತೆಯಲ್ಲಿ ಮಾತ್ರ ಈ ತಪ್ಪು ನುಸುಳಿದರೆ 1.6ರ ಮೀಸಲು 2.0 ಎಂದು ಬರುತ್ತದೆ. ರೋಗಗ್ರಸ್ತವಾದ ಹೃದಯಕ್ಕೆ ಕಾಗದದ ಮೇಲೆ ಆರೋಗ್ಯ!

ದುರ್ದೈವವೆಂದರೆ, ಅಲುಗಾಟ ಹೆಚ್ಚುವುದೂ ಆಗಲೇ. ಅಡಿನೊಸಿನ್ ಮೊದಲಾದ ಔಷಧಗಳಿಂದ ಕೆಲವರಿಗೆ ಏದುಸಿರು ಬಂದು ಎದೆ ಬಿಗಿಯುತ್ತದೆ. ಆತ ಮೈ ಕದಲಿಸದಿದ್ದರೂ, ಉಸಿರಾಟ ಶಾಂತವಾಗುತ್ತ ಬಂದಂತೆ ವಪೆ ಮೇಲೇರಿ ಹೃದಯವನ್ನು ಮೆಲ್ಲನೆ ಮೇಲಕ್ಕೆ ತಳ್ಳುತ್ತದೆ. ಇದಕ್ಕಾಗಿ ರೋಗಿಯನ್ನು ಗದರಿಸಿ ಫಲವಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಕಿರಣಗಳು ದೇಹದೊಳಗೆ ಎಷ್ಟು ಕುಂದಿದುವೆಂಬುದನ್ನು ಸಿ.ಟಿ. ಚಿತ್ರದ ನೆರವಿನಿಂದ ಸರಿಪಡಿಸುತ್ತಾರೆ. ಎರಡು ಚಿತ್ರಗಳೂ ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಹೃದಯದ ಗೋಡೆ ಹಗುರವಾದ ಶ್ವಾಸಕೋಶದ ಜಾಗಕ್ಕೆ ಬೀಳುತ್ತದೆ; ತಿದ್ದುಪಡಿ ಸಾಲದೆ, ಇಲ್ಲದ ರೋಗ ಕಾಣಿಸಿಕೊಳ್ಳುತ್ತದೆ.

ಈಗ ಚಿತ್ರವೊಂದೊಂದನ್ನೂ ಪರಿಶೀಲಿಸಿ, ಸರಿದ ಹೃದಯವನ್ನು ಗಣಕಯಂತ್ರದಲ್ಲಿ ಸ್ವಸ್ಥಾನಕ್ಕೆ ತರುವುದು ಸಾಧ್ಯವಾಗಿದೆ. ಆದರೆ ಒಂದೇ ಚಿತ್ರದ ಅವಧಿಯೊಳಗೆ ನಡೆದುಹೋದ ಅಲುಗಾಟವು ಈ ಕ್ರಮಕ್ಕೆ ಸಿಕ್ಕದು.